ಮೂರು ಮಕ್ಕಳಿಗೊಂದು ಶಾಲೆ ದಂಡವಾ, ಮೇಷ್ಟ್ರೇ?

ಓದುಗರ ಪತ್ರ:

“ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಫೌಲಾ ದ್ವೀಪದ ಬಗ್ಗೆ ಬರೆದಿದ್ದೀರಿ. ಮೂವತ್ತು ಚಿಲ್ಲರೆ ಜನ, ಬೆರಳೆಣಿಕೆಯ ಮಕ್ಕಳು, ಅವರಿಗೊಂದು ಸರ್ಕಾರಿ ಶಾಲೆ. ಓದಲು ಚೆನ್ನಾಗಿತ್ತು, ಆದರೆ ಒಪ್ಪಲು ಆಗಲಿಲ್ಲ. ನಾನು ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ವರ್ಷಗಟ್ಟಲೆ ಪಾಠ ಮಾಡಿದವನು. ಲಾಂಚು ತಪ್ಪಿದರೆ ಮೇಷ್ಟ್ರೂ ಇಲ್ಲ, ಪಾಠವೂ ಇಲ್ಲ. ಮೂರು ಮಕ್ಕಳಿಗೊಂದು ಶಾಲೆ ಅನ್ನುವುದು ಶ್ರೀಮಂತ ದೇಶಗಳ ಶೋಕಿ. ಅದೇ ದುಡ್ಡಲ್ಲಿ ಒಳ್ಳೆಯ ಹಾಸ್ಟೆಲ್ ಕಟ್ಟಿ ಮಕ್ಕಳನ್ನು ಪೇಟೆಗೆ ಕರೆತಂದರೆ ಅವರಿಗೆ ನಾಲ್ಕು ಜನ ಗೆಳೆಯರಾದರೂ ಸಿಗುತ್ತಾರೆ. ನಿಮ್ಮ ಪ್ರಕಾರ ಯಾವ ಶಾಲೆಯನ್ನೂ ಯಾವತ್ತೂ ಮುಚ್ಚಲೇಬಾರದಾ?”
ಸಾಗರ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರಕ್ಕೆ ಎರಡು ಸಾಲಲ್ಲಿ ಉತ್ತರ ಕೊಟ್ಟು ಮುಗಿಸುವ ಹಾಗಿಲ್ಲ. ಆಚೆ ದಡದಲ್ಲಿ ಪಾಠ ಮಾಡಿದವರು ಕೇಳುವ ಪ್ರಶ್ನೆ ಬೇರೆ, ಆಫೀಸಿನಲ್ಲಿ ಕೂತು ಲೆಕ್ಕ ಹಾಕುವವರು ಕೇಳುವ ಪ್ರಶ್ನೆ ಬೇರೆ. ಹಾಗಾಗಿ ಈ ಸಲ ಬೇರೆ ಪತ್ರಗಳಿಗೆ ಜಾಗ ಇಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಒಬ್ಬ ಟೀಚರ್ ಸಂಬಳ ಮೂರು ಮಕ್ಕಳಿದ್ದರೂ ಅಷ್ಟೇ, ಇಪ್ಪತ್ಮೂರಿದ್ದರೂ ಅಷ್ಟೇ. ಅದನ್ನು ಮೂರರಿಂದ ಭಾಗಿಸಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಆದರೆ ಶಾಲೆ ಮುಚ್ಚಿದ ಮೇಲೂ ಆ ಮೂರು ಮಕ್ಕಳು ಎಲ್ಲಾದರೂ ಓದಬೇಕಲ್ಲ? ಹಾಸ್ಟೆಲ್, ವಾರ್ಡನ್, ಅಡುಗೆಯವರು, ರಜೆಗೆ ಬಂದು ಹೋಗುವ ದೋಣಿ ಖರ್ಚು, ಇದೆಲ್ಲ ಬೇರೆ ಬೇರೆ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. ಹಾಗಾಗಿ ಉಳಿತಾಯ ಆಯಿತು ಅನ್ನಿಸುತ್ತದೆ. ಖರ್ಚು ಇಲ್ಲ ಅಂತ ನಾನು ಹೇಳುವುದಿಲ್ಲ, ದ್ವೀಪದ ಶಾಲೆ ದುಬಾರಿಯೇ. ಆದರೆ ದೋಣಿ, ಅಂಚೆ, ನರ್ಸು, ಕರೆಂಟು ಎಲ್ಲವೂ ಅಲ್ಲಿ ದುಬಾರಿ. ಅಲ್ಲಿ ಜನ ಇರಬೇಕು ಅಂತ ಒಪ್ಪಿಕೊಂಡ ಮೇಲೆ ಶಾಲೆಯೊಂದನ್ನೇ ಹಿಡಿದು ಯಾಕಪ್ಪಾ ಇಷ್ಟು ಖರ್ಚು ಅಂತ ಕೇಳುವುದು ಸರಿಯಲ್ಲ.

ಇನ್ನು ಶ್ರೀಮಂತ ದೇಶದ ಶೋಕಿ ಅಂದಿರಲ್ಲ, ಅದಕ್ಕೆ ಜಪಾನಿನ ಕಥೆ ಹೇಳುತ್ತೇನೆ. ಜಪಾನ್ 1954ರಲ್ಲಿ ದೂರದ ಊರುಗಳ ಶಿಕ್ಷಣಕ್ಕೆ ಅಂತಲೇ ಒಂದು ಕಾನೂನು ಮಾಡಿತು. ಬೆಟ್ಟದ ಮೇಲಿನ ಹಳ್ಳಿಗಳು, ದೂರದ ದ್ವೀಪಗಳು, ಬಸ್ಸು ದೋಣಿ ಸರಿಯಾಗಿ ಸಿಗದ ಜಾಗಗಳು, ಎಲ್ಲದರ ಶಾಲೆಗಳೂ ಅದರೊಳಗೆ ಬರುತ್ತವೆ. ಯುದ್ಧದಲ್ಲಿ ಸೋತು ಆಗಿನ್ನೂ ಹತ್ತು ವರ್ಷ ಆಗಿರಲಿಲ್ಲ. ಈಗ ನಾವು ನೋಡುವ ಜಪಾನ್ ಅದಲ್ಲ. ದುಡ್ಡು ಬಂದ ಮೇಲೆ ದ್ವೀಪದ ಶಾಲೆ ನೆನಪಾಗಿದ್ದಲ್ಲ.

ಆ ಕಾನೂನಿನಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅದರ ಕಸುಬುದಾರಿಕೆ. ಮಕ್ಕಳ ಭವಿಷ್ಯ, ದೇಶದ ಭವಿಷ್ಯ ಅನ್ನುವ ಭಾಷಣಕ್ಕೆ ನಿಲ್ಲದೆ ಅದು ಟೀಚರ್‌ಗೆ ಮನೆ ಎಲ್ಲಿ ಅಂತ ಕೇಳುತ್ತದೆ. ಟೀಚರ್‌ಗಳ ವಸತಿ, ಅವರ ಆರೋಗ್ಯ, ಮಕ್ಕಳು ಶಾಲೆಗೆ ಬಂದು ಹೋಗುವ ವ್ಯವಸ್ಥೆ ಊರಿನ ಆಡಳಿತದ ಜವಾಬ್ದಾರಿ. ಅಂಥ ಶಾಲೆಗೆ ಬೇಕಾದ ತರಬೇತಿ ಪ್ರಾಂತ್ಯದ ಸರ್ಕಾರದ ಜವಾಬ್ದಾರಿ. ಆಮೇಲೆ ಬರುವುದು ಭತ್ಯೆ. ಶಾಲೆಗಳಿಗೆ ದೂರದ ಲೆಕ್ಕದಲ್ಲಿ ದರ್ಜೆ ಇದೆ, ಒಂದರಿಂದ ಐದರವರೆಗೆ. ಐದನೇ ದರ್ಜೆ ಅಂದರೆ ತೀರಾ ಮೂಲೆ. ಅಲ್ಲಿಗೆ ಹೋದವರಿಗೆ ಸಂಬಳದ ಶೇ. 25ರವರೆಗೆ ಹೆಚ್ಚುವರಿ ಭತ್ಯೆ ಸಿಗುತ್ತದೆ.

ದರ್ಜೆ ನಿರ್ಧರಿಸುವುದು ಹೇಗೆ ಗೊತ್ತಾ? ಶಾಲೆಯಿಂದ ಬಸ್ ಸ್ಟಾಪಿಗೆ ಎಷ್ಟು ದೂರ, ಆಸ್ಪತ್ರೆಗೆ ಎಷ್ಟು ದೂರ, ಹೈಸ್ಕೂಲಿಗೆ, ಪೋಸ್ಟಾಫೀಸಿಗೆ, ಬ್ಯಾಂಕಿಗೆ, ದಿನಸಿ ಅಂಗಡಿಗೆ ಎಷ್ಟು ದೂರ ಅಂತ ಒಂದೊಂದಕ್ಕೂ ಅಂಕ ಹಾಕುತ್ತಾರೆ. ದ್ವೀಪವಾದರೆ ದೋಣಿ ಎಷ್ಟು ಸಲ ಬರುತ್ತದೆ ಅನ್ನುವುದೂ ಸೇರುತ್ತದೆ. ನೀವು ಲಾಂಚಿಗೆ ಕಾದ ದಿನಗಳಿಗೆ ಯಾರಾದರೂ ಅಂಕ ಹಾಕಿದ್ದರೆ ನಿಮ್ಮ ಸಂಬಳದ ಚೀಟಿಯೇ ಬೇರೆ ಥರ ಇರುತ್ತಿತ್ತು, ಅಲ್ವಾ?

ನಮ್ಮ ಕಡೆ ಏನಿದೆ ನಿಮಗೆ ನಾನು ಹೇಳಬೇಕಾಗಿಲ್ಲ. ‘ಎ’, ‘ಬಿ’, ‘ಸಿ’ ಅಂತ ವಲಯಗಳಿವೆ, ಆದರೆ ಅವು ವರ್ಗಾವಣೆಯ ಲೆಕ್ಕಕ್ಕೆ. ಮನೆ ಬಾಡಿಗೆ ಭತ್ಯೆಯಂತೂ ಉಲ್ಟಾ: ದೊಡ್ಡ ಊರಿಗೆ ಜಾಸ್ತಿ, ಹಳ್ಳಿಗೆ ಕಡಿಮೆ. ಬಾಡಿಗೆಯ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಬಾಡಿಗೆಗೆ ಮನೆಯೇ ಸಿಗದ ಜಾಗದಲ್ಲಿ ಆ ಲೆಕ್ಕಕ್ಕೆ ಅರ್ಥವೇನು? ಅದಕ್ಕೇ ‘ನೀರಿಲ್ಲದ ಜಾಗಕ್ಕೆ ಎತ್ತಿ ಹಾಕಿಸ್ತೀನಿ’ ಅನ್ನುವ ಮಾತು ನಮ್ಮಲ್ಲಿ ಬೆದರಿಕೆಯಾಗಿ ಉಳಿದಿದೆ. ನಿಮ್ಮ ವಿಷಯದಲ್ಲಿ ಸುತ್ತಲೂ ನೀರಿತ್ತು, ಅಷ್ಟೇ ವ್ಯತ್ಯಾಸ.

ಟೋಕಿಯೋದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ. ದೂರದ ಸಮುದ್ರದಲ್ಲಿ ಆವೊಗಾಶಿಮಾ ಅಂತ ಒಂದು ಜ್ವಾಲಾಮುಖಿ ದ್ವೀಪ ಇದೆ. ಜನಸಂಖ್ಯೆ ಇನ್ನೂರೂ ಇಲ್ಲ. ಅಲೆ ಜೋರಿದ್ದರೆ ಹಡಗು ದಡಕ್ಕೆ ತಾಗುವುದೇ ಇಲ್ಲ. ಪಕ್ಕದ ಹಾಚಿಜೋ ದ್ವೀಪದಿಂದ ಬರುವ ಒಂಬತ್ತು ಸೀಟಿನ ಹೆಲಿಕಾಪ್ಟರ್ ಒಂದೇ ಭರವಸೆ. ಆದರೂ ಅಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆ ನಡೆಯುತ್ತದೆ. ತಮಾಷೆ ಏನೆಂದರೆ ಆಡಳಿತದ ಲೆಕ್ಕದಲ್ಲಿ ಅದು ಟೋಕಿಯೋಗೆ ಸೇರಿದ ಹಳ್ಳಿ. ಹಾಗಾಗಿ ಅಲ್ಲಿನ ಟೀಚರ್‌ಗಳೂ ಟೋಕಿಯೋದ ಟೀಚರ್‌ಗಳೇ. ಕೆಲವು ವರ್ಷ ಇದ್ದು ಪಾಠ ಮಾಡಿ ವರ್ಗವಾಗಿ ಹೋಗುತ್ತಾರೆ, ಬೇರೆಯವರು ಬರುತ್ತಾರೆ. ಅದು ಯಾರ ಮೇಲಿನ ಸಿಟ್ಟಿಗೋ ಸಿಕ್ಕ ಶಿಕ್ಷೆಯಲ್ಲ, ನೌಕರಿಯ ಒಂದು ಸುತ್ತು.

ಈಗ ಪಾಠದ ವಿಷಯ. ಮೂರು ಮಕ್ಕಳು, ಮೂರು ತರಗತಿ, ಒಬ್ಬ ಟೀಚರ್ ಆದರೆ ಅದೆಂಥ ಪಾಠ ಅಂತ ನಿಮ್ಮ ಪತ್ರದ ಒಳಗೇ ಒಂದು ಅನುಮಾನ ಇದೆ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಎರಡು ತರಗತಿ ಸೇರಿಸಿದರೂ 16 ಮಕ್ಕಳು ಮೀರದಿದ್ದರೆ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಒಂದನೇ ಕ್ಲಾಸಿನ ಮಕ್ಕಳಿದ್ದರೆ ಆ ಮಿತಿ 8. ಅಂಥ ಕೋಣೆಯಲ್ಲಿ ಮುಂದೊಂದು ಕಪ್ಪು ಹಲಗೆ, ಹಿಂದೊಂದು ಕಪ್ಪು ಹಲಗೆ. ಮೂರನೆಯವರು ಈ ಕಡೆ ಮುಖ ಮಾಡಿ ಕೂತರೆ ನಾಲ್ಕನೆಯವರು ಆ ಕಡೆ. ಟೀಚರ್ ಈ ಹಲಗೆಯಲ್ಲಿ ಹೊಸ ಲೆಕ್ಕ ವಿವರಿಸುವಾಗ ಆ ಕಡೆಯವರು ನಿನ್ನೆಯದನ್ನು ತಾವೇ ಬಿಡಿಸುತ್ತಿರಬೇಕು. ಸುಮ್ನೆ ಬಿಡಿಸುವುದಲ್ಲ. ಅವರಲ್ಲೇ ಒಬ್ಬ ಹುಡುಗನೋ ಹುಡುಗಿಯೋ ಆ ದಿನದ ಮುಂದಾಳು. “ಈಗ ಪ್ರಶ್ನೆ ಓದಿ, ಈಗ ಉತ್ತರ ಹೇಳಿ, ಯಾರಿಗಾದರೂ ಬೇರೆ ಉತ್ತರ ಬಂತಾ?” ಅಂತ ನಡೆಸಿಕೊಂಡು ಹೋಗುವುದು ಆ ಮಗುವಿನ ಕೆಲಸ. ಟೀಚರ್ ಕೋಣೆಯ ಆ ತುದಿಗೆ ಹೋದಾಗ ಈ ತುದಿಯಲ್ಲಿ ಮುಂದಾಳು ಶುರು ಮಾಡುತ್ತಾನೆ. ಯಾವ ನಿಮಿಷದಲ್ಲಿ ಯಾವ ತುದಿಯಲ್ಲಿ ಇರಬೇಕು ಅನ್ನುವುದನ್ನು ಪಾಠದ ಟಿಪ್ಪಣಿಯಲ್ಲಿ ಮೊದಲೇ ಬರೆದಿರುತ್ತಾರೆ. ಎರಡೂ ಕಡೆ ಒಟ್ಟಿಗೆ ಹೊಸ ಪಾಠ ಬರದ ಹಾಗೆ ಹೊಂದಿಸಿಕೊಳ್ಳುವುದೇ ಇದರ ಗುಟ್ಟು.

ಇದು ನಿಮಗೆ ಹೊಸದಲ್ಲ. ನಮ್ಮ ನಲಿ-ಕಲಿ ಹುಟ್ಟಿದ್ದು ಇಂಥದೇ ಕಷ್ಟದಿಂದ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಶುರು ಮಾಡಿದರು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ, ಗುಂಪು ಗುಂಪಾಗಿ, ಕಾರ್ಡು ಹಿಡಿದು, ತಮ್ಮ ತಮ್ಮ ಓಟದಲ್ಲಿ ಕಲಿಯುತ್ತಾರೆ. ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿ, ಎಷ್ಟೋ ಕಡೆ ಕಾರ್ಡು ಉಳಿದು ಜೀವ ಹೋಯಿತು ಅನ್ನುವ ದೂರೂ ಇದೆ. ಆದರೆ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕಲಿಸುವುದು ಅಂದರೆ ಕೆಟ್ಟ ಪಾಠ ಅಂತ ಅಲ್ಲ. ತರಬೇತಿ ಇಲ್ಲದೆ, ಒಬ್ಬರೇ ಮೇಷ್ಟ್ರ ತಲೆಗೆ ಅದನ್ನು ಕಟ್ಟಿ, ಜೊತೆಗೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಕೆಲಸ ಎಲ್ಲ ಹೇರಿದರೆ ಆಗುವುದು ಕೆಟ್ಟ ಪಾಠ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯೇ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಅನ್ನುತ್ತದೆ. ಏಕೋಪಾಧ್ಯಾಯ ಶಾಲೆಗಳು ಮಾತ್ರ ಇನ್ನೂ ಹಾಗೇ ಇವೆ.

ಇಲ್ಲಿಯವರೆಗೆ ನಾನು ನಿಮ್ಮ ಮಾತನ್ನು ಒಪ್ಪದ ಭಾಗ ಆಯಿತು. ಒಪ್ಪುವ ಭಾಗ ಈಗ.

ಗೆಳೆಯರ ಮಾತು ನಿಜ. ಆರು ವರ್ಷದ ಮಗುವಿಗೆ ತನಗಿಂತ ದೊಡ್ಡವರು, ಚಿಕ್ಕವರು ಯಾರಾದರೂ ನಡೆಯುತ್ತದೆ. ಹದಿಮೂರರ ಹುಡುಗಿಗೆ ತನ್ನ ವಯಸ್ಸಿನವರೇ ಬೇಕು. ಫುಟ್‌ಬಾಲ್ ತಂಡ ಕಟ್ಟಲು ಹನ್ನೊಂದು ಜನ ಬೇಕು. ರಸಾಯನಶಾಸ್ತ್ರಕ್ಕೊಬ್ಬರು, ಗಣಿತಕ್ಕೊಬ್ಬರು ಟೀಚರ್ ಬೇಕು. ಇದನ್ನೆಲ್ಲ ಫೌಲಾದಲ್ಲಿ ಕೊಡಲು ಆಗುವುದಿಲ್ಲ, ಕೊಡುತ್ತಲೂ ಇಲ್ಲ. ಅಲ್ಲಿ ಇರುವುದು ಪ್ರಾಥಮಿಕ ಶಾಲೆ ಮಾತ್ರ. ಹನ್ನೊಂದು, ಹನ್ನೆರಡು ವರ್ಷಕ್ಕೆ ಮಕ್ಕಳು, ಫೌಲಾ ಸೇರಿರುವ ಶೆಟ್ಲೆಂಡ್ ದ್ವೀಪಸಮೂಹದ ಲರ್ವಿಕ್ ಪಟ್ಟಣದ ಆಂಡರ್ಸನ್ ಹೈಸ್ಕೂಲಿಗೆ ಹೋಗುತ್ತಾರೆ, ಅಲ್ಲಿನ ಹಾಸ್ಟೆಲಿನಲ್ಲೇ ಇರುತ್ತಾರೆ. ನೀವು ಹೇಳಿದ್ದೇ ವ್ಯವಸ್ಥೆ, ಆದರೆ ವಯಸ್ಸು ನೋಡಿ. ಶೆಟ್ಲೆಂಡಿನ ಮುಖ್ಯ ದ್ವೀಪದಿಂದ ಫೌಲಾಗೆ ಬರೀ 30 ಕಿ.ಮೀ. ಚಿಲ್ಲರೆ. ಚಿಕ್ಕ ವಿಮಾನದಲ್ಲಿ ಕಾಲು ಗಂಟೆ, ದೋಣಿಯಲ್ಲಿ ಎರಡು ಗಂಟೆಗೂ ಜಾಸ್ತಿ. ಆದರೆ ಮಂಜು ಮುಸುಕಿದರೆ, ಗಾಳಿ ಎದ್ದರೆ ಎರಡೂ ಇಲ್ಲ. ಶುಕ್ರವಾರ ಮನೆಗೆ ಹೊರಟ ಮಗು ಮನೆ ಸೇರುತ್ತದೆ ಅನ್ನುವ ಖಾತ್ರಿ ಇಲ್ಲ. ಹನ್ನೆರಡರ ಮಗು ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಐದರ ಮಗುವನ್ನು ಹಾಗೆ ಬಿಡಲು ಯಾವ ತಾಯಿಗೂ ಮನಸ್ಸು ಬಾರದು. ಆಗ ಏನಾಗುತ್ತದೆ? ಮಗುವಿನ ಹಿಂದೆ ಅಮ್ಮ ಹೋಗುತ್ತಾಳೆ, ಅಮ್ಮನ ಹಿಂದೆ ಅಪ್ಪ. ಮೂವತ್ತು ಜನರ ಊರಿನಲ್ಲಿ ಒಂದು ಮನೆಗೆ ಬೀಗ ಬಿದ್ದರೆ ದೋಣಿ ಎಳೆಯುವ ಕೈ ಕಡಿಮೆಯಾಯಿತು, ರನ್‌ವೇ ನೋಡಿಕೊಳ್ಳುವ ಕೈ ಕಡಿಮೆಯಾಯಿತು ಅಂತಲೇ ಅರ್ಥ.

(ಅಂದ ಹಾಗೆ, ಫೌಲಾದವರು ಹಳೆಯ ಜೂಲಿಯನ್ ಪಂಚಾಂಗದ ಪ್ರಕಾರ ಜನವರಿ 6ಕ್ಕೆ ಕ್ರಿಸ್ಮಸ್, 13ಕ್ಕೆ ಹೊಸ ವರ್ಷ ಮಾಡುತ್ತಾರೆ ಅಂತ ಬರೆದಿದ್ದೆವು. ಅಚ್ಚಿನ ತಪ್ಪಾ ಅಂತ ಇಬ್ಬರು ಕೇಳಿದ್ದಾರೆ. ತಪ್ಪಲ್ಲ, ಈಗಲೂ ಹಾಗೇ.)

ದೊಡ್ಡ ಮಕ್ಕಳ ಶಾಲೆ ಮುಚ್ಚಿದರೂ ಊರಿಗೆ ಪೆಟ್ಟು ಬೀಳುತ್ತದಾ? ಶೆಟ್ಲೆಂಡಿನದೇ ಇನ್ನೊಂದು ಚಿಕ್ಕ ದ್ವೀಪಗುಚ್ಛ ಔಟ್ ಸ್ಕೆರೀಸ್. ಅಲ್ಲಿ ಪ್ರಾಥಮಿಕದ ಜೊತೆಗೆ ಒಂದು ಪುಟ್ಟ ಮಾಧ್ಯಮಿಕ ವಿಭಾಗವೂ ಇತ್ತು. ಊರಿನವರು ಎಷ್ಟು ಬೇಡಿಕೊಂಡರೂ 2014ರಲ್ಲಿ ಅದನ್ನು ಮುಚ್ಚಿದರು. ಆಮೇಲೆ ಜನ ಕಡಿಮೆಯಾಗುತ್ತಾ ಹೋದರು. ಶಾಲೆ ಮುಚ್ಚಿದ್ದಕ್ಕೇ ಹೀಗಾಯಿತು ಅಂತ ಹೇಳಿಬಿಡುವುದು ಸುಲಭ. ಆದರೆ ಅಲ್ಲಿ ಕೆಲಸ ಕೊಡುತ್ತಿದ್ದ ಸಾಲ್ಮನ್ ಮೀನು ಸಾಕಣೆಯೂ ಅದೇ ಕಾಲಕ್ಕೆ ನಿಂತಿತು. ಶಾಲೆ ಇದ್ದು ಕೆಲಸ ಇಲ್ಲದಿದ್ದರೂ ಊರು ಉಳಿಯುವುದಿಲ್ಲ. ಶಾಲೆ ಉಳಿಸಿ ಅನ್ನುವ ನಮ್ಮಂಥವರು ಈ ಮಾತನ್ನು ಬೇಗ ಮರೆಯುತ್ತೇವೆ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ, ಅದು ಮತ್ತೆ ಜಪಾನಿನದು. ಪಶ್ಚಿಮದ ಸಮುದ್ರದಲ್ಲಿ ಓಕಿ ದ್ವೀಪಗಳಿವೆ. ಹಿಂದೆ ರಾಜರನ್ನು ಗಡೀಪಾರು ಮಾಡುತ್ತಿದ್ದ ಜಾಗ. 1221ರಲ್ಲಿ ಗೋ-ತೋಬಾ ಎಂಬ ಚಕ್ರವರ್ತಿಯನ್ನೇ ಅಲ್ಲಿಗೆ ಅಟ್ಟಿದ್ದರು. ಎಷ್ಟು ದೂರ ಅನ್ನುವುದಕ್ಕೆ ಅಷ್ಟು ಸಾಕು. ಅಲ್ಲಿ ಮೂರು ದ್ವೀಪಗಳ ಅಮಾ, ನಿಶಿನೋಶಿಮಾ, ಚಿಬು ಅನ್ನುವ ಊರುಗಳಿಗೆ ಸೇರಿ ಒಂದೇ ಹೈಸ್ಕೂಲು, ಓಕಿ-ದೋಜೆನ್. 2008ರಲ್ಲಿ ಅದರಲ್ಲಿ ಉಳಿದಿದ್ದು 89 ಮಕ್ಕಳು. ಮುಚ್ಚುವ ಮಾತು ಶುರುವಾಯಿತು. ಮುಚ್ಚಿದರೆ ಹದಿನೈದು ತುಂಬಿದ ಪ್ರತಿ ಮಗುವೂ ದ್ವೀಪ ಬಿಡಬೇಕು. ಹಾಸ್ಟೆಲ್ ಖರ್ಚಿಗೆ ಹೆದರಿ ಇಡೀ ಕುಟುಂಬವೇ ಗಂಟು ಕಟ್ಟುತ್ತದೆ.

ಅವರು ಮಾಡಿದ್ದು ಇಷ್ಟು. ತಮ್ಮ ಮಕ್ಕಳನ್ನು ಹೊರಗೆ ಕಳಿಸುವ ಬದಲು ಹೊರಗಿನ ಮಕ್ಕಳನ್ನು ದ್ವೀಪಕ್ಕೆ ಕರೆದರು. 2010ರಿಂದ ದೇಶದ ಬೇರೆ ಊರುಗಳ ಮಕ್ಕಳು ಅಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದಲು ಬರತೊಡಗಿದರು. ಪಟ್ಟಣದ ಟ್ಯೂಷನ್ ಇಲ್ಲ ಅನ್ನುವ ಕೊರಗಿಗೆ ಊರಿನಿಂದಲೇ ಒಂದು ಕಲಿಕಾ ಕೇಂದ್ರ ತೆರೆದರು. ಮೀನುಗಾರಿಕೆ, ದ್ವೀಪದ ಪ್ರವಾಸೋದ್ಯಮ, ಖಾಲಿಯಾಗುತ್ತಿರುವ ಊರಿನ ಸಮಸ್ಯೆಗಳು ಇವನ್ನೇ ಮಕ್ಕಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. ಹತ್ತು ವರ್ಷದೊಳಗೆ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಇದಕ್ಕೆ ಮೊದಲೇ ಅಮಾ ಊರಿನ ಮೇಯರ್ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡಿದ್ದರು. ಆಮೇಲೆ ಸಿಬ್ಬಂದಿಯೂ ತಮ್ಮ ಸಂಬಳದಲ್ಲಿ ಕಡಿತ ಒಪ್ಪಿಕೊಂಡರು. ಹಾಗಾಗಿ ಊರಿನವರು ಅವರ ಮಾತನ್ನು ನಂಬಿದರು. ಎಲ್ಲ ದ್ವೀಪಕ್ಕೂ ಇದು ನಡೆಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಬೇರೆ ಕಡೆಯ ಮಕ್ಕಳನ್ನು ಎಷ್ಟು ಊರುಗಳು ಹಂಚಿಕೊಳ್ಳಲು ಆಗುತ್ತದೆ? ದೇಶದಲ್ಲೇ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಆದರೂ ನಿಮ್ಮ ಗೆಳೆಯರ ಪ್ರಶ್ನೆಗೆ ಇಷ್ಟು ಚೆಂದದ ಉತ್ತರ ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ದೇಶದ ದ್ವೀಪಗಳನ್ನು ಬಿಟ್ಟು ಜಪಾನ್, ಸ್ಕಾಟ್ಲೆಂಡ್ ಅಂತ ಸುತ್ತುವುದೇಕೆ ಅಂತ ನೀವು ಕೇಳುವ ಮೊದಲು ಲಕ್ಷದ್ವೀಪದ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ಜನ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಲ್ಲಿ ಒಟ್ಟು 64,473 ಜನ, ಅದರಲ್ಲಿ ಬಿತ್ರಾ ದ್ವೀಪದಲ್ಲಿ 271. ನಮ್ಮ ಹೊಸ ಓದುಗರಿಗೆ ಆಶ್ಚರ್ಯ ಆಗಬಹುದು: ಬಿತ್ರಾ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಈ ಐದೂ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಅನ್ನುವ ಸರಕು ದೋಣಿಗಳು ಇಂದಿಗೂ ಆ ದ್ವೀಪಗಳಿಗೆ ಸಾಮಾನು ಹೊತ್ತು ಹೋಗುತ್ತವೆ.

ಅಲ್ಲಿ ಶಾಲೆ ಇಲ್ಲದ ದ್ವೀಪ ಸಮಸ್ಯೆಯಲ್ಲ. ಸಾಕ್ಷರತೆ 2011ರಲ್ಲೇ ಶೇ. 91 ದಾಟಿತ್ತು. ಕಷ್ಟ ಇರುವುದು ಮೇಲಿನ ತರಗತಿಗಳಿಗೆ ದ್ವೀಪ ಬದಲಿಸುವುದರಲ್ಲಿ, ಮಳೆಗಾಲದ ಕಡಲಲ್ಲಿ, ದಡದಿಂದ ಬರುವ ಟೀಚರ್‌ಗಳು ಎಷ್ಟು ದಿನ ನಿಲ್ಲುತ್ತಾರೆ ಅನ್ನುವುದರಲ್ಲಿ. ಇನ್ನೊಂದು ಕಷ್ಟ ಪಾಠದ ಭಾಷೆಯದು. ಮಿನಿಕಾಯ್ ದ್ವೀಪದ ಮಕ್ಕಳು ಮನೆಯಲ್ಲಿ ಆಡುವುದು ಮಹಲ್. ಉಳಿದ ದ್ವೀಪಗಳಲ್ಲಿ ಜೆಸೆರಿ, ಅದು ಮಲಯಾಳದ ಹತ್ತಿರದ ಮಾತು. ಶಾಲೆಯಲ್ಲಿ ಕೇರಳದ ಪಠ್ಯವೋ ಸಿಬಿಎಸ್‌ಇಯೋ, ಮಲಯಾಳವೋ ಇಂಗ್ಲಿಷೋ ಅನ್ನುವ ಜಗಳ ಈಚಿನ ವರ್ಷಗಳಲ್ಲಿ ಕೇರಳ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆ ಜಗಳದಲ್ಲಿ ಯಾರು ಸರಿ ಅನ್ನುವುದಕ್ಕೆ ಬೇರೆಯೇ ಲೇಖನ ಬೇಕು. ದೂರದ ಊರಿಗೆ ಬೇಕಾದ ಶಾಲೆ ಹೇಗಿರಬೇಕು ಅಂತ ಆ ಊರನ್ನು ಕೇಳದೆ ತೀರ್ಮಾನ ಮಾಡಿದರೆ ಇಂಥ ಜಗಳ ಬಂದೇ ಬರುತ್ತದೆ ಅನ್ನುವುದಷ್ಟೇ ನನ್ನ ಮಾತು.

ಕೇಳುವುದು ಅಂದೆನಲ್ಲ, ಅದಕ್ಕೂ ಒಂದು ಪದ್ಧತಿ ಇದೆ. ಇದರಲ್ಲೇ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಇದೆ. ಸ್ಕಾಟ್ಲೆಂಡ್ 2010ರಲ್ಲಿ ಶಾಲೆ ಮುಚ್ಚುವುದಕ್ಕೆ ಮುಂಚಿನ ಸಮಾಲೋಚನೆಯ ಕಾನೂನು ತಂದಿತು. ಹಳ್ಳಿಗಾಡಿನ ಶಾಲೆಯಾದರೆ ಮುಚ್ಚಬಾರದು ಅನ್ನುವುದೇ ಮೊದಲ ನಿಲುವು. ಮುಚ್ಚಲೇಬೇಕು ಅನ್ನುವವರು ಮೊದಲು ಬೇರೆ ದಾರಿಗಳೇನಿವೆ ಅಂತ ನೋಡಿರಬೇಕು. ಮುಚ್ಚಿದರೆ ಊರಿಗೆ ಏನಾಗುತ್ತದೆ, ಮಕ್ಕಳ ಓಡಾಟ ಹೇಗೆ ಅನ್ನುವುದನ್ನು ಬರೆದು ಪ್ರಕಟಿಸಬೇಕು. ಊರಲ್ಲಿ ಸಭೆ ಕರೆಯಬೇಕು. ಶಿಕ್ಷಣ ತಪಾಸಕರೂ ವರದಿ ಕೊಡಬೇಕು. ಇಷ್ಟೆಲ್ಲ ಆಗಿ ಮುಚ್ಚುವುದಿಲ್ಲ ಅಂತ ತೀರ್ಮಾನವಾದರೆ ಐದು ವರ್ಷ ಆ ಮಾತು ಮತ್ತೆ ಎತ್ತುವ ಹಾಗಿಲ್ಲ. ಈ ಕೊನೆಯದು 2014ರ ತಿದ್ದುಪಡಿ. ಪ್ರತಿ ಜೂನ್‌ನಲ್ಲೂ ನಮ್ಮ ಶಾಲೆ ಇರುತ್ತದೋ ಇಲ್ಲವೋ ಅಂತ ಎದೆ ಹಿಡಿದುಕೊಂಡು ಕೂರುವ ಊರಿಗೆ ಯಾವ ಹೊಸ ಕುಟುಂಬ ಬಂದೀತು? ಇರುವವರೇ ಟಿ.ಸಿ. ತೆಗೆದುಕೊಂಡು ಹೋಗುತ್ತಾರೆ.

ಹಾಗಾದರೆ ಎಂದೂ ಮುಚ್ಚಬಾರದಾ ಅಂದಿರಿ. ಒಂದು ಮಗುವೂ ಇಲ್ಲದಿದ್ದರೆ ಅಲ್ಲಿ ಟೀಚರ್‌ಗೆ ಏನು ಕೆಲಸ? ಖಂಡಿತ ಬೀಗ ಹಾಕಬೇಕು. ಆದರೆ ಸ್ಕಾಟ್ಲೆಂಡಿನಲ್ಲಿ ಶಾಲೆಯನ್ನು ಮುಚ್ಚದೆ ಕೆಲವು ವರ್ಷ ತಡೆಹಿಡಿಯುವ ಒಂದು ಕ್ರಮ ಇದೆ. ಕಟ್ಟಡ ಇರುತ್ತದೆ, ದಾಖಲೆಯಲ್ಲಿ ಶಾಲೆಯ ಹೆಸರು ಇರುತ್ತದೆ, ಟೀಚರ್ ಮಾತ್ರ ಇರುವುದಿಲ್ಲ. ಚಿಕ್ಕ ಮಕ್ಕಳಿರುವ ಕುಟುಂಬವೊಂದು ಬಂದರೆ ಮತ್ತೆ ಬಾಗಿಲು ತೆಗೆಯಬಹುದು. ದ್ವೀಪಗಳಲ್ಲಿ ಮಕ್ಕಳ ಸಂಖ್ಯೆ ಹೀಗೆ ಏಳುತ್ತಾ ಬೀಳುತ್ತಾ ಇರುತ್ತದೆ. ಈ ವರ್ಷ ಸೊನ್ನೆ, ಮೂರು ವರ್ಷ ಬಿಟ್ಟು ನಾಲ್ಕು.

ಹಿನ್ನೀರಿನ ಆಚೆಗೂ ನಾನು ಇದನ್ನೇ ಹೇಳುವುದು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದೆ. ಇನ್ನು ಬಸ್ಸಿದೆಯಲ್ಲ, ಮಕ್ಕಳನ್ನು ಸಾಗರಕ್ಕೇ ಕಳಿಸಿದರಾಯಿತು ಅನ್ನುವ ಮಾತು ಬೇಗ ಬರುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಅದು ಅನುಕೂಲವೇ, ನಾನು ಬೇಡ ಅನ್ನುವುದಿಲ್ಲ. ಐದನೇ ಕ್ಲಾಸಿನವರೆಗಿನ ಶಾಲೆಗಳ ಬಗ್ಗೆ ಮಾತ್ರ ಯಾರಾದರೂ ಆದೇಶ ಹೊರಡಿಸುವ ಮೊದಲು ಆ ಊರುಗಳಲ್ಲಿ ಒಂದು ಸಭೆ ಕರೆಯಲಿ. ನಿಮ್ಮಂಥವರು ಆ ಸಭೆಯಲ್ಲಿ ಹಾಸ್ಟೆಲ್ ಪರವಾಗಿಯೇ ಮಾತಾಡಿ, ತೊಂದರೆ ಇಲ್ಲ. ನಾನು ಎದುರು ಸಾಲಿನಲ್ಲಿ ಕೂತಿರುತ್ತೇನೆ.